ಅಳಿಯ ಉಂಡನೋ ಇಲ್ಲವೋ

ಸಿದ್ರಾಮನ ಮೊಣಕಾಲು ತಪ್ಪಿದ್ದು ಬೊಂಬಾಯಿ ಹತ್ತಿರದ ಠಾಕುರ್ಲಿಯ ಮೈದಾನದಲ್ಲಿ, ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ. ಆದರೆ ಅದನ್ನು ಸರಿಯಾಗಿ ಹೇಳಬೇಕಾದರೆ ಅದೇ ದಿನ ಬೆಳಿಗ್ಗೆ, ಡೊಂಬಿವಲಿಯ ಅವನ ಅತ್ತೆ ಮನೆ ಬಾಗಿಲಿನಿಂದ ಶುರು ಮಾಡಬೇಕು. ಆ ಬಾಗಿಲಲ್ಲೂ ನಾನಿದ್ದೆ, ಮೈದಾನದಲ್ಲೂ ಇದ್ದೆ.

ಎಪ್ಪತ್ತೊಂಬತ್ತನೇ ಇಸವಿಯ ಮೇ ಒಂದನೇ ತಾರೀಖು. ಕಾರ್ಮಿಕರ ದಿನವಾದ್ದರಿಂದ ಕಾರ್ಮಿಕರಿಗೆ ಕೆಲಸವಿರಲಿಲ್ಲ. ಕೈಗೆ ಕೆಲಸವಿಲ್ಲದ್ದರಿಂದ ಕಾಲಿಗೆ ಕೆಲಸ ಕೊಟ್ಟಿದ್ದರು, ಫುಟ್ಬಾಲ್ ಪಂದ್ಯ. ಒಂದು ಕಡೆ ಕಲ್ಯಾಣದ ಗೂಡ್ಸ್ ಯಾರ್ಡಿನಲ್ಲಿ ವ್ಯಾಗನ್ ಖಾಲಿ ಮಾಡುವ ನಮ್ಮ ಹಮಾಲರು, ಹೆಚ್ಚಿನವರು ವಿಜಾಪುರ, ಕಲಬುರ್ಗಿ ಕಡೆಯವರು. ಇನ್ನೊಂದು ಕಡೆ ಡೊಂಬಿವಲಿಯ ಒಂದು ಬಣ್ಣದ ಕಾರ್ಖಾನೆಯವರು. ಅವರಿಗೆ ಬೆವರು ಬಂದರೆ ಬನಿಯನ್ ನೀಲಿಯಾಗುತ್ತಿತ್ತು. ನಮ್ಮವರು ಗೋಣಿಯಲ್ಲಿ ಗಟ್ಟಿಗರು, ಗೋಲಿನಲ್ಲಿ ಅಷ್ಟಕ್ಕಷ್ಟೆ. ಎರಡನ್ನೂ ಬಲ್ಲವನು ಸಿದ್ರಾಮ ಒಬ್ಬನೇ.

ನಾನು ಗುರುವಪ್ಪ, ಯಾರ್ಡಿನಲ್ಲಿ ಗುಮಾಸ್ತ. ಬಿ.ಎ. ಓದಿದ್ದಕ್ಕೆ ಗುಮಾಸ್ತಿಕೆ ಸಿಕ್ಕಿತು. ಮಂದಿಯ ದನಿ ಅಣಕಿಸುವುದಕ್ಕೆ ಮೈಕು ಸಿಕ್ಕಿತು. ಪಂದ್ಯವಿದ್ದಾಗಲೆಲ್ಲ ಕಾಮೆಂಟರಿ ನನ್ನದೇ. ಕಲ್ಯಾಣದ ಚಾಳಿನಲ್ಲಿ ಸಿದ್ರಾಮನ ಖೋಲಿಗೂ ನನ್ನ ಖೋಲಿಗೂ ನಡುವೆ ಇದ್ದದ್ದು ತಗಡಿನ ಗೋಡೆ. ಆ ಕಡೆ ಅವನು ಸ್ಟೋವಿಗೆ ಪಂಪು ಹೊಡೆದರೆ ಈ ಕಡೆ ನನ್ನ ಚಹಾದ ಬಟ್ಟಲು ನಡುಗುತ್ತಿತ್ತು.

ಅವನ ಹೆಂಡತಿಯ ಹೆಸರು ಶ್ರೀಮತಿ. ಅಂಚೆಯವನಿಗೆ ಬಿಟ್ಟರೆ ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. ಚೊಚ್ಚಲ ಬಸುರಿ ಬಿಂದಿಗೆ ಹೊರುವುದು ಬೇಡವೆಂದು ಅವಳನ್ನು ಅಜ್ಜಿಯ ಊರಾದ ಇಂಡಿಗೆ ಕಳಿಸಿದ್ದರು. ಹಾಗಾಗಿ ಸಿದ್ರಾಮ ತಾನೇ ರೊಟ್ಟಿ ತಟ್ಟಿಕೊಳ್ಳುತ್ತಿದ್ದ. ಆ ವಾರ ರೇಷನ್ ಅಂಗಡಿಯಲ್ಲಿ ಸೀಮೆಎಣ್ಣೆಯೇ ಬಂದಿರಲಿಲ್ಲ. ಹಿಂದಿನ ದಿನ ಸಂಜೆಯೂ ಅವನ ಸ್ಟೋ ಸದ್ದು ಮಾಡಲಿಲ್ಲ, ಮೇ ಒಂದರ ಬೆಳಿಗ್ಗೆಯೂ ಮಾಡಲಿಲ್ಲ. ಹೊರಡುವಾಗ ಅವನು ನನಗೆ ಹೇಳಿದ್ದು ಇಷ್ಟೇ: ಮೈದಾನಕ್ಕೆ ಹೋಗುವ ಮೊದಲು ಅತ್ತೆಯವರನ್ನು ಮಾತಾಡಿಸಿಕೊಂಡು ಹೋಗೋಣ.

ಮಾತಾಡಿಸುವುದು ಎಂದರೆ ಏನು ಎಂದು ನನಗೆ ಅರ್ಥವಾಯಿತು.

ನಮ್ಮ ಕಡೆ ಅಳಿಯನಾದವನು ಅತ್ತೆ ಮನೆಯಲ್ಲಿ ಊಟ ಆಯಿತೇ ಎಂದು ಕೇಳಿದ ತಕ್ಷಣ ಇಲ್ಲ ಅನ್ನುವಂತಿಲ್ಲ. ಅಂದರೆ ಉಣ್ಣಲಿಕ್ಕೇ ಬಂದ ಅನ್ನಿಸಿಕೊಳ್ಳುತ್ತಾನೆ. ಮೊದಲ ಸಲ ಕೇಳಿದಾಗ ‘ಆತ್ರಿ’ ಅನ್ನಬೇಕು. ಎರಡನೇ ಸಲಕ್ಕೆ ‘ಈಗ ಬ್ಯಾಡ್ರಿ’ ಅನ್ನಬೇಕು. ಮೂರನೇ ಸಲಕ್ಕೆ ಅತ್ತೆ ಕೇಳುತ್ತಲೇ ಮಣೆ ಹಾಕುತ್ತಾಳೆ. ಆಗ ದೊಡ್ಡ ಉಪಕಾರ ಮಾಡುವವನ ಹಾಗೆ ಕೂತು, ಹೊಟ್ಟೆ ತುಂಬ ಉಣ್ಣಬೇಕು. ಸೋದರತ್ತೆಯ ಮಗಳನ್ನೇ ಮಾಡಿಕೊಂಡಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲ, ಬಂದವನೇ ರೊಟ್ಟಿ ಡಬ್ಬಿಗೆ ಕೈ ಹಾಕುತ್ತಿದ್ದ. ಆದರೆ ಅವನ ಅತ್ತೆ ಚಂದವ್ವನದು ಹೊಸ ಸಂಬಂಧ. ವರ್ಷವೂ ತುಂಬದ ಅಳಿಯ.

ಚಂದವ್ವ ಬಾಗಿಲಲ್ಲೇ ಎದುರಾದಳು. ಸೆರಗು ಸರಿ ಮಾಡಿಕೊಂಡು, ಬರ್‍ರಿ ಬರ್‍ರಿ ಎಂದು, ಊಟ ಆತೇನ್ರಿ ಎಂದು ಕೇಳಿದಳು. ಸಿದ್ರಾಮ ಪದ್ಧತಿಯಂತೆ ಕತ್ತು ಒಂದು ಕಡೆ ವಾಲಿಸಿ, ಉಂಡೇ ಬಂದೀನ್ರಿ ಅಂದ. ಅಷ್ಟರಲ್ಲಿ ಓಣಿಯ ತುದಿಯಿಂದ ‘ಪಾಣೀ ಆಲಂ’ ಎಂದು ಕೂಗು ಎದ್ದಿತು. ಎರಡು ದಿನದಿಂದ ಕೆಮ್ಮುತ್ತಿದ್ದ ನಲ್ಲಿಗೆ ನೀರು ಬಂದಿತ್ತು. ಚಂದವ್ವ ಎರಡು ಕೊಡ ಕಂಕುಳಿಗೆ ಸಿಕ್ಕಿಸಿಕೊಂಡು, ಕೂತಿರ್‍ರಿ ಬಂದೆ ಎಂದು ಓಡಿದಳು. ನಲ್ಲಿಯ ಸಾಲು ನೋಡಿದರೆ ಅವಳು ಬೇಗ ಬರುವ ಹಾಗೆ ಕಾಣಲಿಲ್ಲ. ಪಂದ್ಯಕ್ಕೆ ಹೊತ್ತಾಗುತ್ತಿತ್ತು. ಮೂರು ಸಲ ಕೇಳಬೇಕಾದ್ದು ಒಂದೇ ಸಲಕ್ಕೆ ನಿಂತು, ನಾವಿಬ್ಬರೂ ಎದ್ದು ಬಂದೆವು.

ಮೈದಾನದ ಹೊರಗೆ ನಾನು ವಡಾಪಾವ್ ಕೊಂಡು ಅರ್ಧ ಅವನ ಮುಂದೆ ಹಿಡಿದೆ. ಅವನು ಮುಟ್ಟಲಿಲ್ಲ. ಅತ್ತೆ ಮನೆಯಿಂದ ಬಂದವನು ರಸ್ತೆಯಲ್ಲಿ ವಡಾ ತಿನ್ನುವುದನ್ನು ಯಾರಾದರೂ ನೋಡಿದರೆ ಆ ಮನೆಯವರ ಮುಖ ಎಲ್ಲಿ ಉಳಿಯಬೇಕು ಎಂದು ನನಗೇ ಬುದ್ಧಿ ಹೇಳಿದ. ಮುಕಾದಮ ವೀರಭದ್ರಪ್ಪ ಕೇಳಿದ್ದಕ್ಕೂ, ಅತ್ತಿ ಮನ್ಯಾಗ ಭಾರಿ ಆತು ಅಂದ. ವೀರಭದ್ರಪ್ಪ ನಮ್ಮ ಟೋಳಿಯ ಮುಖ್ಯಸ್ಥ, ಗೋಲ್‌ಕೀಪರನೂ ಅವನೇ. ಅವನ ಅಗಲಕ್ಕೆ ಗೋಲಿನಲ್ಲಿ ಉಳಿಯುತ್ತಿದ್ದ ಜಾಗ ಕಡಿಮೆ.

ಮುಖ್ಯ ಅತಿಥಿ ಡಾಕ್ಟರ್ ಸಹಸ್ರಬುದ್ಧೆ. ಡೊಂಬಿವಲಿಯಲ್ಲಿ ಸ್ವಂತ ದವಾಖಾನೆ ಇದ್ದ ಎಲುಬಿನ ಡಾಕ್ಟರು. ಪ್ರತಿ ಮಾತಿಗೂ ‘ಮುದ್ದಾ ಕಾಯ್ ಆಹೇ’, ಅಂದರೆ ‘ವಿಷಯ ಏನಪ್ಪಾ ಅಂದರೆ’, ಎಂದು ಶುರು ಮಾಡುತ್ತಿದ್ದರು. ಅವರು ಭಾಷಣ ಮುಗಿಸಿ ಕೂತ ಮೇಲೆ ನಾನು ಮೈಕಿನಲ್ಲಿ ಅವರದೇ ದನಿಯಲ್ಲಿ ವಂದನಾರ್ಪಣೆ ಮಾಡಿದೆ. ಮೈದಾನವೆಲ್ಲ ನಕ್ಕಿತು, ಡಾಕ್ಟರೊಬ್ಬರು ನಗಲಿಲ್ಲ.

ಬಿಸಿಲಿಗೆ ನೆಲ ಹಪ್ಪಳದ ಹಾಗೆ ಬಿರಿದಿತ್ತು. ಎರಡನೇ ಅರ್ಧದಲ್ಲಿ ಸಿದ್ರಾಮನ ಕಾಲಿಗೆ ಚೆಂಡು ಸಿಕ್ಕಿತು. ನಾನು ಕಲ್ಯಾಣ ಸ್ಟೇಷನ್ನಿನಲ್ಲಿ ಗಾಡಿ ಸಾರುವ ಹೆಂಗಸಿನ ದನಿ ತೆಗೆದು, ‘ಸಿದ್ರಾಮ್ ಫಾಸ್ಟ್ ಲೋಕಲ್ ಡೊಂಬಿವಲಿ ನಹೀಂ ರುಕೇಗೀ’ ಎಂದು ಸಾರುತ್ತಿದ್ದೆ. ಅವನು ಬಲಗಾಲು ಊರಿ ಎಡಗಾಲಿನಿಂದ ಹೊಡೆಯಲು ತಿರುಗಿದ. ಊರಿದ ಕಾಲು ನೆಲದ ಬಿರುಕಿನಲ್ಲಿ ಸಿಕ್ಕಿಕೊಂಡಿತ್ತು. ಅದೇ ಹೊತ್ತಿಗೆ ಕಾರ್ಖಾನೆಯ ಬ್ಯಾಕ್ ಆಟಗಾರ ಜಾರಿಕೊಂಡು ಬಂದು ಇಡೀ ಮೈಯನ್ನು ಆ ಮೊಣಕಾಲಿನ ಮೇಲೆ ಹಾಕಿದ. ಒಣಗಿದ ತೊಗರಿ ಕಟ್ಟಿಗೆ ಮುರಿದ ಹಾಗೆ ಸದ್ದು ಬಂತು. ‘ಯಾತ್ರಿಯೋಂ ಸೇ ನಿವೇದನ್’ ಎನ್ನುವವರೆಗೆ ನನ್ನ ಬಾಯಿ ಓಡಿತ್ತು, ಅಲ್ಲಿಗೆ ನಿಂತಿತು.

ಮೊಣಕಾಲಿನಿಂದ ಕೆಳಗಿನ ಭಾಗ ಹಿಂದಕ್ಕೆ ಸರಿದು, ತಪ್ಪು ಮುಚ್ಚಳ ಹಾಕಿದ ಡಬ್ಬಿಯ ಹಾಗೆ ಕಾಣುತ್ತಿತ್ತು. ಸಿದ್ರಾಮ ಕೂಗಲಿಲ್ಲ, ಬಾಯಿ ತೆರೆದುಕೊಂಡು ಆಕಾಶ ನೋಡುತ್ತಿದ್ದ. ಡಾಕ್ಟರು ಕೋಟು ತೆಗೆದು ನನ್ನ ಕೈಗೆ ಕೊಟ್ಟು, ಪಾದದ ಮೇಲೆ ಬೆರಳಿಟ್ಟು ಸುಮ್ಮನೆ ಕೂತರು. ಆಮೇಲೆ ಫೌಂಟನ್ ಪೆನ್ನಿನಿಂದ ಬೆರಳು ಇಟ್ಟಿದ್ದ ಜಾಗಕ್ಕೆ ನೀಲಿ ಗುರುತು ಹಾಕಿದರು. ಅಲ್ಲಿ ನಾಡಿ ಬಡಿಯುತ್ತಿದೆ, ಆದರೆ ಸಣ್ಣಗೆ. ಪಾದಕ್ಕೆ ರಕ್ತ ಒಯ್ಯುವ ದೊಡ್ಡ ನಾಳ ಮೊಣಕಾಲಿನ ಹಿಂದೆ ಹಾಯುತ್ತದೆ, ಎಲುಬು ಅದನ್ನು ಒತ್ತಿ ಹಿಡಿದಿದೆ, ಬೇಗ ಕೂಡಿಸದಿದ್ದರೆ ಕಾಲು ಸಾಯುತ್ತದೆ, ಆಮೇಲೆ ತೊಡೆಯವರೆಗೆ ತೆಗೆಯಬೇಕು ಎಂದು ನಮಗೆ ಮರಾಠಿಯಲ್ಲಿ ತಿಳಿಸಿದರು. ಅಲ್ಲೇ ಒಮ್ಮೆ ಎಳೆದು ನೋಡಿದರು. ಕ್ವಿಂಟಲ್ ಚೀಲ ಎತ್ತುವ ತೊಡೆ ನೋವಿಗೆ ಕಲ್ಲಾಗಿತ್ತು, ಎಲುಬು ಜಗ್ಗಲಿಲ್ಲ. ಮಂಪರು ಕೊಟ್ಟು ಸ್ನಾಯು ಸಡಿಲವಾದ ಮೇಲೆ ಎಳೆಯಬೇಕು, ದವಾಖಾನೆಗೆ ನಡೆಯಿರಿ ಅಂದರು.

ವೀರಭದ್ರಪ್ಪ ಅಷ್ಟರಲ್ಲಿ ಬೆಲ್ಲ, ನೀರು ತಂದಿದ್ದ. ಡಾಕ್ಟರು ಲೋಟವನ್ನು ತಡೆದು, ಬಾಯಿಗೆ ಏನೂ ಹಾಕಬಾರದು ಎಂದರು. ಇಂಥ ಬಿಸಿಲಿನಲ್ಲಿ ಬಿದ್ದವನಿಗೆ ನೀರು ಬೇಡ ಎನ್ನುವವರು ಎಂಥ ಡಾಕ್ಟರು ಎಂದು ವೀರಭದ್ರಪ್ಪ ಗೊಣಗಿ, ಒದ್ದೆ ಬಟ್ಟೆಯಿಂದ ತುಟಿ ಒರೆಸಿದ.

ಆಂಬುಲೆನ್ಸಿಗೆ ಫೋನು ಮಾಡಬೇಕಾದರೆ ಸ್ಟೇಷನ್ನಿಗೇ ಹೋಗಬೇಕು. ಹಮಾಲರು ಗೋಲಿನ ಎರಡು ಬಿದಿರು ಕಿತ್ತು, ಗೋಣಿಚೀಲದ ತಳ ಬಿಚ್ಚಿ ಪೋಣಿಸಿ, ಅದರ ಮೇಲೆ ಅವನನ್ನು ಮಲಗಿಸಿದರು. ಡಾಕ್ಟರು ಕಾಲಿನ ಎರಡೂ ಬದಿಗೆ ಹಲಗೆ ಕಟ್ಟಿದರು. ಅವರ ಹಿಂದೆಯೇ ಹೊರಟು ರೈಲ್ವೆ ಗೇಟಿಗೆ ಬಂದರೆ ಗೇಟು ಹಾಕಿತ್ತು. ಒಂದು ಗಾಡಿ ಹೋಯಿತು, ಗೇಟು ತೆಗೆಯಲಿಲ್ಲ. ಎದುರಿನಿಂದ ಇನ್ನೊಂದು ಬರುವುದಿತ್ತು. ಹಮಾಲರು ಉಳಿದ ಚೀಲಗಳನ್ನು ಬಿಡಿಸಿ ಸಿದ್ರಾಮನ ಮೇಲೆ ಚಪ್ಪರದ ಹಾಗೆ ಹಿಡಿದು ನಿಂತರು. ಡಾಂಬರು ಅವರ ಬರಿಗಾಲಿಗೆ ಅಂಟುತ್ತಿತ್ತು. ನೆರಳಿನೊಳಗಿಂದ ಸಿದ್ರಾಮ ನನ್ನನ್ನು ಕರೆದು ಕೇಳಿದ:

“ಗುರುವಾ, ಗೋಲ್ ಆತೇನೋ?”

ಹೊರಗೆ ಹೋಯಿತು ಅಂದೆ.

“ಹೊಟ್ಯಾಗ ಕಸುವು ಇರಲಿಲ್ಲೋ. ಅದಕ್ಕ.”

ಆ ಮಾತು ಕೇಳಿಸಿಕೊಂಡವನು ನಾನೊಬ್ಬನೇ. ಅದೇ ಮುಂದೆ ತೊಂದರೆಯಾಯಿತು.

ದವಾಖಾನೆ ಮಹಡಿಯ ಮೇಲಿತ್ತು, ಒಂದು ಉದ್ದ ಕೋಣೆ, ಆರೇಳು ಮಂಚ. ನರ್ಸ್ ವನಮಾಲಾ ಉಡುಪಿ ಕಡೆಯವರು. ಮಂಪರು ಕೊಡುವ ಡಾಕ್ಟರು ಠಾಣೆ ಪಟ್ಟಣದಿಂದ ಲೋಕಲ್ ಹಿಡಿದು ಬಂದರು. ಮರಾಠಿಯಲ್ಲಿ ಮಂಪರಿಗೆ ಭೂಲ್ ಎನ್ನುತ್ತಾರೆ, ಹಿಂದಿಯಲ್ಲಿ ಭೂಲ್ ಅಂದರೆ ತಪ್ಪು. ಆ ಮಧ್ಯಾಹ್ನ ಎರಡೂ ಒಂದೇ ಬಾಗಿಲಲ್ಲಿ ಕಾಯುತ್ತಿದ್ದವು.

ವನಮಾಲಾ ಕೇಳಿದ ಮೊದಲ ಪ್ರಶ್ನೆ, ಊಟ ಆಗಿದೆಯಾ ಎಂದು. ಸಿದ್ರಾಮ ಕಣ್ಣು ಮುಚ್ಚಿಕೊಂಡೇ ಆತ್ರಿ ಅಂದ. ನಾನು ಮಂಚದ ಬಳಿ ಹೋಗಿ, ಲೇ, ನಿಜ ಹೇಳು ಎಂದೆ. ಅವನು ನನ್ನ ಅಂಗಿ ಹಿಡಿದು ಎಳೆದು, ಹೊಟ್ಟೆ ಖಾಲಿ ಅಂದರೆ ತಡಕೊಳ್ಳಲಾರ ಎಂದು ಕೈ ಬಿಡುತ್ತಾರೆ, ಸುಮ್ಮನಿರು ಎಂದು ಪಿಸುಗುಟ್ಟಿದ. ಕತ್ತಿ ಮುಟ್ಟಿಸುವ ಮುಂಚೆ ಮನುಷ್ಯ ಗಟ್ಟಿಯಾಗಿ ಉಂಡಿರಬೇಕು ಎಂಬುದು ಅವನ ಊರಿನ ನಂಬಿಕೆ. ನಾನು ಅದನ್ನು ತಿದ್ದಲು ಬಾಯಿ ತೆರೆಯುವಷ್ಟರಲ್ಲಿ ಸುದ್ದಿ ಕೇಳಿದ ಚಂದವ್ವ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. ಸೀರೆಯ ನಿರಿಗೆ ಇನ್ನೂ ಒದ್ದೆಯಿತ್ತು.

ವನಮಾಲಾ ಅವಳನ್ನೂ ಕೇಳಿದರು. ಮಂಚದ ಸುತ್ತ ಅರ್ಧ ಟೋಳಿ ನಿಂತಿತ್ತು, ಉಳಿದರ್ಧ ಕಿಟಕಿಯಲ್ಲಿತ್ತು. ಅವರೆಲ್ಲರ ಎದುರಿಗೆ ಚಂದವ್ವ ಬೆನ್ನು ನೆಟ್ಟಗೆ ಮಾಡಿ ಹೇಳಿದಳು:

“ನಮ್ಮ ಮನಿಯಿಂದ ಅಳಿಯ ಉಪಾಸ ಹೋಗ್ತಾನೇನ್ರಿ? ಹೋಳಿಗಿ ಉಂಡಾನ. ತುಪ್ಪ ಹಾಕಿದ್ದೆ.”

ವನಮಾಲಾ ಅದನ್ನು ಮರಾಠಿಗೆ ತಂದು ಡಾಕ್ಟರಿಗೆ ಹೇಳಿದರು. ತುಪ್ಪವನ್ನೂ ಬಿಡಲಿಲ್ಲ.

ಮಂಪರಿನ ಡಾಕ್ಟರು ಕೈ ತೊಳೆಯುವುದನ್ನು ನಿಲ್ಲಿಸಿದರು. ಹೊಟ್ಟೆ ತುಂಬಿದವನಿಗೆ ಮಂಪರು ಕೊಟ್ಟರೆ ಉಂಡದ್ದು ಮೇಲಕ್ಕೆ ಬಂದು ಉಸಿರಿನ ನಳಿಗೆಗೆ ಇಳಿಯುತ್ತದೆ. ಅಂಥದೊಂದು ಸಾವನ್ನು ಅವರು ಕಣ್ಣಾರೆ ಕಂಡಿದ್ದರು. ಕಾಲು ಉಳಿಸಲು ಹೋಗಿ ಮನುಷ್ಯನನ್ನು ಕಳೆದುಕೊಳ್ಳಲಾರೆ, ಸಂಜೆಯವರೆಗೆ ಕಾಯೋಣ ಎಂದರು. ಸಹಸ್ರಬುದ್ಧೆಯವರು ಪಾದದ ನೀಲಿ ಗುರುತನ್ನು ನೋಡುತ್ತ ನಿಂತರು. ಸಂಜೆಯವರೆಗೆ ಈ ಪಾದ ಕಾಯುತ್ತದೆಯೇ ಎಂದು ಕೇಳಿದರು. ನಾಡಿ ಪೂರಾ ನಿಂತರೆ ಮಾತ್ರ, ಏನಾದರಾಗಲಿ ಎಂದು ಮಂಪರು ಕೊಡುವುದು ಎಂದು ಇಬ್ಬರ ನಡುವೆ ತೀರ್ಮಾನವಾಯಿತು.

ನಾನು ಮುಂದೆ ಹೋಗಿ ಅವನು ಉಂಡಿಲ್ಲ ಎಂದೆ. ತಗಡಿನ ಗೋಡೆ, ಸ್ಟೋ, ಸೀಮೆಎಣ್ಣೆ, ವಡಾಪಾವ್ ಎಲ್ಲ ಹೇಳಿದೆ.

ಡಾಕ್ಟರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಮುದ್ದಾ ಕಾಯ್ ಆಹೇ, ರೋಗಿ ಉಂಡಿದ್ದೇನೆ ಅನ್ನುತ್ತಾನೆ, ಬಡಿಸಿದವಳು ಬಡಿಸಿದ್ದೇನೆ ಅನ್ನುತ್ತಾಳೆ, ಮಧ್ಯಾಹ್ನವೆಲ್ಲ ಬೇರೆಯವರ ಬಾಯಲ್ಲಿ ಮಾತಾಡಿದವನು ನೀನು, ನಾನು ಯಾರ ಬಾಯಿ ನಂಬಲಿ ಎಂದರು. ಹಿಂದಿನ ರಾತ್ರಿಯೆಲ್ಲ ಅವನ ಪಕ್ಕದಲ್ಲೇ ಇದ್ದೆಯಾ ಎಂದೂ ಕೇಳಿದರು. ಇರಲಿಲ್ಲ. ಹೆಸರಿನಲ್ಲಿ ಸಾವಿರ ಬುದ್ಧಿ ಇದ್ದವರಿಗೆ ನನ್ನ ಒಂದು ಮಾತು ಸಾಕಾಗಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ನನ್ನನ್ನು ನಂಬುತ್ತಿರಲಿಲ್ಲ.

ಚಂದವ್ವನನ್ನು ಪಕ್ಕಕ್ಕೆ ಕರೆದು ಕೇಳಿದೆ. ನೋಡಪ್ಪಾ, ಉಂಡೇ ಬಂದೀನಿ ಅಂತ ತಾನೇ ಹೇಳ್ಯಾನಲ್ಲ ಎಂದಳು. ಅವಳ ಲೆಕ್ಕ ಸರಿಯಾಗಿಯೇ ಇತ್ತು. ಅಳಿಯ ಹೇಗಿದ್ದರೂ ಉಂಡಿದ್ದಾನೆ. ಖೋಲಿಯಲ್ಲಿ ಉಂಡದ್ದನ್ನು ತನ್ನ ಮನೆಯಲ್ಲಿ ಉಂಡ ಎಂದರೆ ಯಾರಿಗೆ ನಷ್ಟ? ರೊಟ್ಟಿ ಹೋಳಿಗೆಯಾಯಿತು, ಅಷ್ಟೇ. ಮಂಚದ ಮೇಲಿದ್ದವನ ಲೆಕ್ಕವೂ ಅಂಥದೇ. ಅತ್ತೆ ಹೋಳಿಗೆ ಎಂದ ಮೇಲೆ ಇನ್ನು ಅವನು ಬಾಯಿ ಬಿಟ್ಟರೆ ಟೋಳಿಯ ಮುಂದೆ ಅವಳನ್ನು ಸುಳ್ಳಿ ಮಾಡಿದಂತೆ. ಒಬ್ಬರ ಮಾನ ಒಬ್ಬರು ಹಿಡಿದುಕೊಂಡಿದ್ದರು. ಅವರಿಬ್ಬರ ನಡುವೆ ಕಾಲು ತಣ್ಣಗಾಗುತ್ತಿತ್ತು.

ವನಮಾಲಾ ಗುರುತಿನ ಮೇಲೆ ಬೆರಳಿಟ್ಟು ಕೂತೇ ಇದ್ದರು. ಮೊದಲು ಸುಮ್ಮನೆ ಇಡುತ್ತಿದ್ದ ಬೆರಳನ್ನು ಈಗ ಒತ್ತಿ ಹುಡುಕುತ್ತಿದ್ದರು. ಪಾದದ ಬಣ್ಣ ಹಳೆಯ ಮೇಣದಬತ್ತಿಯ ಹಾಗಾಗಿತ್ತು. ಬೆರಳು ಆಡಿಸು ಎಂದರೆ ಸಿದ್ರಾಮ ಆಡಿಸಿದೆ ಎನ್ನುತ್ತಿದ್ದ, ಅವು ಆಡುತ್ತಿರಲಿಲ್ಲ.

ಡಾಕ್ಟರಿಗೆ ನನ್ನ ಮಾತು ಬೇಡವಾದರೆ ಬೇರೆಯವರ ಮಾತನ್ನೇ ಕೇಳಿಸೋಣ ಎನ್ನಿಸಿತು. ಅವರ ಎದುರಿಗೆ ನಿಂತು, ನಮ್ಮ ಕಡೆ ಅಳಿಯನನ್ನು ಊಟಕ್ಕೆ ಕರೆಯುವುದು ಹೇಗೆಂದು ಒಂದು ಸಲ ನೋಡಿಬಿಡಿ ಎಂದು ಮರಾಠಿಯಲ್ಲಿ ಅಂದೆ. ಚಂದವ್ವನ ದನಿ ತೆಗೆದು, ಸೆರಗು ಸರಿಮಾಡಿಕೊಂಡು ಊಟ ಆತೇನ್ರಿ ಎಂದೆ. ಸಿದ್ರಾಮನ ಹಾಗೆ ಕತ್ತು ವಾಲಿಸಿ ಆತ್ರಿ ಎಂದೆ. ಎರಡನೇ ಸಲ ಕೇಳಿ ಬ್ಯಾಡ್ರಿ ಎಂದೆ. ಮೂರನೇ ಸಲ ಕೇಳಿ, ಸ್ಟೂಲನ್ನೇ ಮಣೆ ಮಾಡಿ ಕೂತು, ಉಂಡೆ. ಆಮೇಲೆ ಮತ್ತೆ ಮೊದಲಿನಿಂದ ಶುರು ಮಾಡಿ, ಒಂದು ಸಲ ಕೇಳಿ, ಆತ್ರಿ ಎಂದು, ‘ಪಾಣೀ ಆಲಂ’ ಎಂದು ಓಡಿಬಿಟ್ಟೆ. ಬೆಳಿಗ್ಗೆ ನಡೆದದ್ದು ಇಷ್ಟು, ಉಳಿದ ಎರಡು ಸಲ ನಲ್ಲಿಗೆ ಹೋಯಿತು ಎಂದೆ.

ಯಾರೂ ನಗಲಿಲ್ಲ. ವನಮಾಲಾ ಬೆರಳು ತೆಗೆಯದೆ ಡಾಕ್ಟರ ಕಡೆ ತಿರುಗಿ, ತಮ್ಮ ಊರಲ್ಲೂ ಹಾಗೆಯೇ, ಒಂದೇ ಸಲ ಕೇಳಿದರೆ ಯಾರೂ ಸತ್ಯ ಹೇಳುವುದಿಲ್ಲ, ತಾನು ಒಂದೇ ಸಲ ಕೇಳಿದ್ದು ಎಂದು ಮರಾಠಿಯಲ್ಲಿ ಹೇಳಿದರು. ಆಮೇಲೆ ಚಂದವ್ವನಿಗೆ:

“ಅಮ್ಮಾ, ಇವರು ಉಂಡಿದ್ದರೆ ಕಾಯಬೇಕು. ಕಾದರೆ ಕಾಲು ಹೋಗ್ತದೆ. ಉಂಡಿಲ್ಲ ಅಂತಾದರೆ ಈಗಲೇ ಮಾಡ್ತಾರೆ. ನೀವೇ ಸರಿಯಾಗಿ ಕೇಳಿ ಮಾರಾಯ್ರೆ.”

ಉಣ್ಣುವುದಕ್ಕೂ ಕಾಲಿಗೂ ಇರುವ ಸಂಬಂಧವನ್ನು ಅವಳಿಗೆ ಅಲ್ಲಿಯವರೆಗೆ ಯಾರೂ, ನಾನೂ ಕೂಡ, ಬಿಡಿಸಿ ಹೇಳಿರಲಿಲ್ಲ. ಚಂದವ್ವ ಮಂಚದ ಕಡೆ ಬಂದಳು. ನಾನು ಬಿಟ್ಟು ಎದ್ದಿದ್ದ ಸ್ಟೂಲನ್ನು ಎಳೆದುಕೊಂಡಳು, ಆದರೆ ಕೂರಲಿಲ್ಲ.

“ಅಳ್ಯಾರ, ಮುಂಜಾನಿ ಒಮ್ಮೆ ಕೇಳಿ ಓಡಿ ಹೋದೆ. ಈಗ ಎರಡನೇ ಸಲ ಕೇಳಾಕತ್ತೀನಿ. ಊಟ ಆಗೇತೇನ್ರಿ?”

ಸಿದ್ರಾಮ ಕಿಟಕಿಯಲ್ಲಿದ್ದ ಟೋಳಿಯನ್ನು ನೋಡಿದ.

“ಈಗ ಬ್ಯಾಡ್ರಿ, ಅತ್ತಿ.”

“ಮೂರನೇ ಸಲ ಕೇಳ್ತೀನ್ರಿ.”

ಅವನು ಮುಖವನ್ನು ಗೋಡೆಗೆ ತಿರುಗಿಸಿದ.

“ನಿನ್ನಿ ಮಧ್ಯಾಹ್ನ ಉಂಡದ್ದು. ಆಮ್ಯಾಲ ಏನೂ ಇಲ್ರಿ.”

ಚಂದವ್ವ ಡಾಕ್ಟರ ಕಡೆ ತಿರುಗಿದಳು. ಅವರಿಗೆ ಕನ್ನಡ ಬಾರದು ಎಂಬುದು ಗೊತ್ತಿದ್ದೂ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

“ಹೋಳಿಗಿ ನಾ ಮಾಡಿಲ್ರಿ. ನನ್ನ ಮನಿಯಿಂದ ಅಳಿಯ ಉಪಾಸ ಹೋದ.”

ವೀರಭದ್ರಪ್ಪ ಟೋಪಿ ತೆಗೆದು ನೆಲ ನೋಡುತ್ತ ನಿಂತ. ವನಮಾಲಾ ಆ ಮಾತನ್ನು ಮರಾಠಿಗೆ ತಂದರು. ಈ ಸಲ ಬೇಕಾದಷ್ಟನ್ನೇ ತಂದರು. ಮಂಪರಿನ ಡಾಕ್ಟರು ಮತ್ತೆ ಕೈ ತೊಳೆಯಲು ಹೋದರು.

ಒಳಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ನಿದ್ದೆಗೆ ತೊಡೆ ಸಡಿಲವಾದ ಮೇಲೆ ಮೇಲಿನಿಂದ ಒಬ್ಬರು ಹಿಡಿದು, ಕೆಳಗಿನಿಂದ ಡಾಕ್ಟರು ಎಳೆದು ಎಲುಬು ಕೂಡಿಸಿದರಂತೆ. ಬಾಗಿಲಾಚೆ ನಮಗೆ ಕಟಕ್ ಎಂದು ಕೇಳಿಸಿತು. ಆದರೆ ಕೀಲು ಕೂಡಿದರೆ ಮುಗಿಯಲಿಲ್ಲ. ನಾಳಕ್ಕೆ ಒಳಗೆ ಪೆಟ್ಟಾಗಿದ್ದರೆ ರಕ್ತ ಬರುವುದಿಲ್ಲ, ಆಗ ಬೊಂಬಾಯಿಗೆ ಒಯ್ಯಬೇಕು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅವನನ್ನು ಹೊರಗೆ ತಂದು ಮಲಗಿಸಿದರು. ಕಾಲು ಬ್ಯಾಂಡೇಜಿನಲ್ಲಿತ್ತು, ಪಾದ ಮಾತ್ರ ಹೊರಗಿತ್ತು. ವನಮಾಲಾ ನೀಲಿ ಗುರುತಿನ ಮೇಲೆ ಬೆರಳಿಟ್ಟು ಕೂತರು.

ಚಂದವ್ವ ಮಂಚದ ಕಾಲ್ಬದಿಗೆ ಕೂತಿದ್ದಳು. ಮದುವೆಯ ದಿನ ತಾಟಿನಲ್ಲಿ ಇರಿಸಿ ತೊಳೆದಿದ್ದ ಪಾದ. ಅದಾದ ಮೇಲೆ ಅದನ್ನು ಮುಟ್ಟುವ ಪ್ರಸಂಗ ಬಂದಿರಲಿಲ್ಲ, ಬರಲೂಬಾರದು. ಎರಡೂ ಕೈಗಳಿಂದ ಅದನ್ನು ಹಿಡಿದುಕೊಂಡಳು. ಸುಮಾರು ಹೊತ್ತು ಹಾಗೇ ಹಿಡಿದಿದ್ದಳು. ಆಮೇಲೆ ಕೈ ತೆಗೆದು ತನ್ನ ಕೆನ್ನೆಗೆ ಮುಟ್ಟಿಸಿ ನೋಡಿಕೊಂಡು, ಮತ್ತೆ ಹಿಡಿದಳು.

“ನರ್ಸಮ್ಮಾ, ಬೆಚ್ಚಗ ಆಗಾಕತ್ತೇತಿ. ನನ್ನ ಕೈ ಬಿಸಿ ಏನು ಇದು?”

ಅಲ್ಲ, ಅವರ ಕಾಲಿನದೇ ಎಂದು ವನಮಾಲಾ ಹೇಳಿದರು. ಬೆರಳ ಕೆಳಗೆ ಬಡಿಯುತ್ತಾ ಇದೆ ಎಂದರು.

ಸಿದ್ರಾಮ ಆಮೇಲೆ ಫುಟ್ಬಾಲ್ ಆಡಲಿಲ್ಲ. ಮೊಣಕಾಲು ಪೂರಾ ಮಡಚುತ್ತಿರಲಿಲ್ಲ, ಚೀಲ ಹೊರುವುದೂ ಆಗುತ್ತಿರಲಿಲ್ಲ. ವೀರಭದ್ರಪ್ಪ ಅವನನ್ನು ತೂಕದ ಕಾಟಾದ ಬಳಿ ನಿಲ್ಲಿಸಿದ. ಮಳೆಗಾಲ ಮುಗಿಯುವ ಹೊತ್ತಿಗೆ ಶ್ರೀಮತಿ ಮಗಳನ್ನು ಎತ್ತಿಕೊಂಡು ಊರಿಂದ ಬಂದಳು. ಅವನು ಕೋಲಿಲ್ಲದೆ ಸ್ಟೇಷನ್ನಿಗೆ ನಡೆದುಹೋಗಿ ಇಬ್ಬರನ್ನೂ ಕರೆತಂದ. ಮರುವರ್ಷದ ಪಂದ್ಯಕ್ಕೆ ಸಹಸ್ರಬುದ್ಧೆಯವರೇ ಮತ್ತೆ ಮುಖ್ಯ ಅತಿಥಿ. ಭಾಷಣ ಮುಗಿಸಿ ಮೈಕನ್ನು ನನ್ನ ಕೈಗೆ ಕೊಡುವಾಗ ಬೆರಳೆತ್ತಿ ಎಚ್ಚರಿಸಿ ಹೋದರು. ನಾನು ವಂದನಾರ್ಪಣೆಯನ್ನು ನನ್ನ ದನಿಯಲ್ಲೇ ಮಾಡಿದೆ. ಚಪ್ಪಾಳೆ ಕಡಿಮೆ ಬಿತ್ತು.

ಆ ಬೆಳಿಗ್ಗೆಯೂ ಸಿದ್ರಾಮನ ಜೊತೆಗೆ ಚಂದವ್ವನ ಮನೆಗೆ ಹೋಗಿದ್ದೆ. ಅವಳು ಓಣಿಯಲ್ಲೇ ಎದುರಾದಳು, ಎರಡೂ ಕಂಕುಳಲ್ಲಿ ಕೊಡ. ನೀರು ಬಂದಿತ್ತು. ನಿಲ್ಲಲಿಲ್ಲ, ನಮ್ಮನ್ನು ದಾಟಿ ಓಡುತ್ತಲೇ, ಊಟ ಆತೇನ್ರಿ, ಆತೇನ್ರಿ, ಆತೇನ್ರಿ ಎಂದು ಒಂದೇ ಉಸಿರಿಗೆ ಮೂರು ಸಲ ಕೇಳಿದಳು.

ಸಿದ್ರಾಮ ಓಣಿಯ ನಡುವೆ ನಿಂತು, ನಲ್ಲಿಯ ಸಾಲಿನವರೆಗೆ ಕೇಳುವ ಹಾಗೆ ಇಲ್ರಿ ಅಂದ.